ಭಾರ ಕಡಿಮೆ, ಆದರೂ ಹಗ್ಗ ತುಂಡು: ತಪ್ಪು ಎಲ್ಲಿದೆ ಎಂದು ಹುಡುಕುವುದು ಹೇಗೆ?

ಹಗ್ಗ ತುಂಡಾದ ಕೂಡಲೇ ಎಲ್ಲರೂ ಕೇಳುವ ಪ್ರಶ್ನೆ ಒಂದೇ: "ಎಷ್ಟು ಭಾರ ಕಟ್ಟಿದ್ರಿ?" ನಾನು ಮೊದಲು ಕೇಳುವುದು ಬೇರೆ: "ಎಲ್ಲಿ ತುಂಡಾಯಿತು?"

ಯಾಕೆಂದರೆ ಹಗ್ಗಕ್ಕೆ ನೀವು ಕಟ್ಟಿದ ಭಾರ ಗೊತ್ತಿಲ್ಲ. ಅದಕ್ಕೆ ಗೊತ್ತಿರುವುದು ಬಿಗಿತ ಮಾತ್ರ. ಹಗ್ಗದ ಯಾವುದೋ ಒಂದು ಜಾಗವನ್ನು ಮನಸ್ಸಿನಲ್ಲೇ ಕತ್ತರಿಸಿ. ಆ ಎರಡು ತುದಿಗಳು ದೂರ ಸರಿಯದಂತೆ ಹಿಡಿಯಲು ಎಷ್ಟು ಬಲ ಬೇಕೋ ಅದೇ ಆ ಜಾಗದ ಬಿಗಿತ. ಪುಸ್ತಕಗಳಲ್ಲಿ ಇದನ್ನೇ ಟೆನ್ಷನ್ ಎನ್ನುತ್ತಾರೆ. ಈ ಬಿಗಿತ ಕಟ್ಟಿದ ಭಾರಕ್ಕೆ ಸಮ ಇರಬಹುದು, ಅರ್ಧ ಇರಬಹುದು, ಇಪ್ಪತ್ತು ಪಟ್ಟೂ ಇರಬಹುದು. ಒಂದೇ ಹಗ್ಗದಲ್ಲಿ ಒಂದು ಕಡೆ ಜಾಸ್ತಿ, ಇನ್ನೊಂದು ಕಡೆ ಕಡಿಮೆಯೂ ಇರಬಹುದು. ಎಲ್ಲಿ ಬಿಗಿತ ಹಗ್ಗದ ತಾಕತ್ತನ್ನು ಮೀರುತ್ತದೋ ಅಲ್ಲೇ ಅದು ಹರಿಯುತ್ತದೆ. ಹಾಗಾಗಿ ತುಂಡಾದ ಜಾಗವೇ ನಿಮಗೆ ಸಿಗುವ ಮೊದಲ ಸಾಕ್ಷಿ.

ತುಂಡಾದ ಹಗ್ಗವನ್ನು ಕೋಪದಲ್ಲಿ ಎಸೆಯಬೇಡಿ. ಎರಡೂ ತುದಿಗಳನ್ನು ಇಟ್ಟುಕೊಳ್ಳಿ.

ಮೊದಲು ತುದಿ ನೋಡಿ

ಬೆಳಕಿನಲ್ಲಿ ಹಿಡಿದು ನೋಡಿ. ಎಳೆಗಳೆಲ್ಲ ಒಂದೇ ಮಟ್ಟದಲ್ಲಿ, ಚಾಕುವಿನಲ್ಲಿ ಕೊಯ್ದ ಹಾಗೆ ಇದ್ದರೆ ಹಗ್ಗ ಎಲ್ಲೋ ಚೂಪಾದ ಅಂಚಿಗೆ ತಾಗಿದೆ. ಎಳೆಗಳು ಉದ್ದ ಗಿಡ್ಡ ಆಗಿ, ಪೊರಕೆಯ ತುದಿಯಂತೆ ಕೆದರಿದ್ದರೆ ನಿಜವಾಗಿಯೂ ಎಳೆತ ಜಾಸ್ತಿಯಾಗಿ ಹರಿದಿದೆ. ತುದಿಯಲ್ಲಿ ಕರಗಿ ಗಟ್ಟಿಯಾದ, ಹೊಳೆಯುವ ಉಂಡೆಗಳಿದ್ದರೆ ಉಜ್ಜಾಟದ ಬಿಸಿ ಕಾರಣ. ನೈಲಾನ್, ಪಾಲಿಯೆಸ್ಟರ್, ಪಾಲಿಪ್ರೊಪಿಲೀನ್ ಮೂರೂ ಕರಗುವ ವಸ್ತುಗಳು. ಪಾಲಿಪ್ರೊಪಿಲೀನ್ ಸುಮಾರು 165 ಡಿಗ್ರಿ ಸೆಲ್ಸಿಯಸ್‌ಗೇ ಕರಗುತ್ತದೆ. ಹಗ್ಗ ಹಗ್ಗದ ಮೇಲೆ ಜೋರಾಗಿ ಉಜ್ಜಿದರೆ ಅಷ್ಟು ಬಿಸಿ ಏರುವುದು ಕಷ್ಟವೇನಲ್ಲ.

ಆಮೇಲೆ ಜಾಗ. ಗಂಟಿನ ಬುಡದಲ್ಲಿ ಹರಿಯಿತೇ, ರಾಟೆಯ ಹತ್ತಿರವೇ, ಅಥವಾ ಏನೂ ತಾಗದ ನಡು ಜಾಗದಲ್ಲೇ? ಇಲ್ಲಾ, ಹಗ್ಗಕ್ಕೆ ಏನೂ ಆಗದೆ ಕೊಕ್ಕೆಯೋ ಮೊಳೆಯೋ ಕಿತ್ತು ಬಂದಿದೆಯೇ? ಈ ಕೊನೆಯದರಿಂದಲೇ ಶುರು ಮಾಡುತ್ತೇನೆ, ಏಕೆಂದರೆ ನಾನು ಕಲಿತದ್ದೂ ಅಲ್ಲಿಂದಲೇ.

ಅಡ್ಡ ಕಟ್ಟಿದ ಹಗ್ಗ: ಹಗ್ಗ ಗಟ್ಟಿ, ಕೊಕ್ಕೆ ಮಾತ್ರ ಕಿತ್ತು ಬಂತು

ಎರಡು ಗೋಡೆಗಳ ನಡುವೆ ನಾನು ಬಟ್ಟೆ ಒಣಗಿಸಲು ಒಂದು ತಂತಿ ಕಟ್ಟಿದ್ದೆ. ನಡುವಿನ ದೂರ 8 ಮೀಟರ್. ಜೋಲು ಬೀಳಬಾರದು ಎಂದು ಚೆನ್ನಾಗಿ ಜಗ್ಗಿ ಕಟ್ಟಿದ್ದೆ. ಒಂದು ದಿನ ನೆನೆದ ಕಂಬಳಿಗಳನ್ನು ನಡುವೆ ಹಾಕಿದೆ. ಹೆಚ್ಚೆಂದರೆ 20 ಕೆ.ಜಿ. ಗೋಡೆಯ ಕೊಕ್ಕೆ ಸಿಮೆಂಟಿನ ಸಮೇತ ಕಿತ್ತು ಬಂತು. ಕೊಕ್ಕೆ ಚಿಕ್ಕದು ಎಂದುಕೊಂಡು ದೊಡ್ಡದು ಹಾಕಿದೆ. ತಂತಿಯನ್ನು ಮೊದಲಿಗಿಂತ ಬಿಗಿಯಾಗಿ ಎಳೆದೆ. ಅದೂ ಕಿತ್ತು ಬಂತು. ಮೂರನೇ ಸಲ ಕೊಕ್ಕೆ ಕೊಳ್ಳುವ ಮುಂಚೆ ಕಾಗದ ತೆಗೆದುಕೊಂಡು ಕುಳಿತೆ.

ವಿಷಯ ಇಷ್ಟೇ. ಹಗ್ಗ ತನ್ನ ಉದ್ದಕ್ಕೆ ಮಾತ್ರ ಎಳೆಯಬಲ್ಲದು. ಪಕ್ಕಕ್ಕಾಗಲಿ ಮೇಲಕ್ಕಾಗಲಿ ತಳ್ಳಲಾರದು. ಭಾರವನ್ನು ಎತ್ತಿ ಹಿಡಿಯಲು ಮೇಲ್ಮುಖವಾದ ಬಲ ಬೇಕು. ಹೆಚ್ಚು ಕಡಿಮೆ ಅಡ್ಡವಾಗಿರುವ ಹಗ್ಗದ ಎಳೆತದಲ್ಲಿ ಮೇಲ್ಮುಖದ ಪಾಲು ತೀರಾ ಸಣ್ಣದು. ಆ ಸಣ್ಣ ಪಾಲೇ 20 ಕೆ.ಜಿ.ಗೆ ಸಮ ಆಗಬೇಕಾದರೆ ಪೂರ್ತಿ ಎಳೆತ ಭಾರೀ ಆಗಲೇಬೇಕು.

ಭಾರ ಸರಿಯಾಗಿ ನಡುವೆ ಇದ್ದು ಜೋಲು ಕಡಿಮೆ ಇದ್ದಾಗ ಲೆಕ್ಕ ಸುಲಭ:

ಬಿಗಿತ = ಭಾರ × ನಡುವಿನ ದೂರ ÷ (4 × ಜೋಲು)

ಭಾರ ಹಾಕಿದ ಮೇಲೂ ಜೋಲು ಕೇವಲ 10 ಸೆಂ.ಮೀ. ಇತ್ತು ಎಂದುಕೊಳ್ಳಿ. 20 × 8 ÷ 0.4. ಅಂದರೆ 400 ಕೆ.ಜಿ. ತೂಕದಷ್ಟು ಎಳೆತ! ಜೋಲು 40 ಸೆಂ.ಮೀ. ಬಿಟ್ಟರೆ ಅದೇ ಕಂಬಳಿಗೆ 100 ಕೆ.ಜಿ. ಸಾಕು. 1 ಮೀಟರ್ ಬಿಟ್ಟರೆ ಸುಮಾರು 40. ನಾನು ದೊಡ್ಡ ಕೊಕ್ಕೆ ಹಾಕಿ, ಜೊತೆಗೆ ಇನ್ನೂ ಬಿಗಿಯಾಗಿ ಎಳೆದು, ಒಂದು ಕೈಯಲ್ಲಿ ಕೊಟ್ಟದ್ದನ್ನು ಇನ್ನೊಂದು ಕೈಯಲ್ಲಿ ಕಿತ್ತುಕೊಂಡಿದ್ದೆ. ಬಟ್ಟೆಗಳನ್ನು ಒಂದೇ ಕಡೆ ಗುಡ್ಡೆ ಹಾಕದೆ ಉದ್ದಕ್ಕೂ ಹರಡಿದರೆ 4ರ ಬದಲು 8 ಬರುತ್ತದೆ, ಬಿಗಿತ ಅರ್ಧಕ್ಕೆ ಇಳಿಯುತ್ತದೆ.

ಕೋನದ ಲೆಕ್ಕ ಬೇಕಿದ್ದವರಿಗೆ: ಹಗ್ಗ ಅಡ್ಡ ಗೆರೆಯಿಂದ 30 ಡಿಗ್ರಿ ಕೆಳಗಿಳಿದಿದ್ದರೆ ಎರಡೂ ಕಡೆಯ ಬಿಗಿತ ಭಾರಕ್ಕೆ ಸಮ. 15 ಡಿಗ್ರಿಗೆ ಸುಮಾರು 1.9 ಪಟ್ಟು. 10 ಡಿಗ್ರಿಗೆ 2.9 ಪಟ್ಟು. 5 ಡಿಗ್ರಿಗೆ 5.7 ಪಟ್ಟು. ಪೂರ್ತಿ ನೇರ ಮಾಡಲು ಹೊರಟರೆ ಬಿಗಿತಕ್ಕೆ ಕೊನೆಯೇ ಇಲ್ಲ. ಅದಕ್ಕೇ ಭಾರ ಹೊತ್ತ ಯಾವ ಹಗ್ಗವನ್ನೂ ಯಾರೂ ಗೆರೆ ಎಳೆದಂತೆ ನೇರ ಮಾಡಲು ಆಗುವುದಿಲ್ಲ, ಎಷ್ಟೇ ಬಲಶಾಲಿಯಾಗಿರಲಿ.

ಪೆಟ್ಟಿಗೆಯ ಎರಡು ಕಿವಿಗಳಿಗೆ ಹಗ್ಗ ಹಾಕಿ ಮೇಲೆ ಒಂದೇ ಕೊಕ್ಕೆಯಿಂದ ಎತ್ತುವಾಗಲೂ ಇದೇ ಕಥೆ. ಗಿಡ್ಡ ಹಗ್ಗ ಹಾಕಿದರೆ ಅದು ಪೆಟ್ಟಿಗೆಯ ಮೇಲೆ ಚಪ್ಪಟೆಯಾಗಿ ಕೂರುತ್ತದೆ, ಕೋನ ಸಣ್ಣದಾಗುತ್ತದೆ, ಹಗ್ಗ ಹರಿಯುತ್ತದೆ. ಇಲ್ಲಿ ದಪ್ಪ ಹಗ್ಗಕ್ಕಿಂತ ಉದ್ದ ಹಗ್ಗವೇ ಮದ್ದು.

ಪರೀಕ್ಷೆ ಹೀಗೆ ಮಾಡಿ. ಭಾರ ಹಾಕಿದ ಮೇಲೆ ಜೋಲನ್ನು ಅಳತೆ ಟೇಪಿನಲ್ಲಿ ಅಳೆಯಿರಿ, ಖಾಲಿ ಇದ್ದಾಗಿನ ಜೋಲನ್ನಲ್ಲ. ನೈಲಾನ್ ಹಗ್ಗ ಹಿಗ್ಗಿ ತಾನೇ ಜೋಲು ಕೊಟ್ಟು ನಿಮ್ಮನ್ನು ಉಳಿಸುತ್ತದೆ. ಉಕ್ಕಿನ ತಂತಿ ಹಿಗ್ಗುವುದಿಲ್ಲ, ಅದು ಎಳೆತವನ್ನೆಲ್ಲ ಗೋಡೆಗೇ ದಾಟಿಸುತ್ತದೆ.

ನಿಧಾನಕ್ಕೆ ಎತ್ತಿದರೆ ತಡೆಯುತ್ತದೆ, ಜಗ್ಗಿದರೆ ಹರಿಯುತ್ತದೆ

ಹಗ್ಗ ನಡು ಜಾಗದಲ್ಲಿ ಕೆದರಿಕೊಂಡು ಹರಿದಿದೆ. ಕೋನದ ತೊಂದರೆಯೂ ಇಲ್ಲ, ನೇರವಾಗಿ ನೇತಾಡುತ್ತಿತ್ತು. ಆಗ ನಾನು ಕೇಳುವುದು: ಹರಿಯುವ ಮುಂಚೆ ಹಗ್ಗ ಸಡಿಲ ಇತ್ತೇ?

ಸಡಿಲ ಇದ್ದರೆ ಅಪರಾಧಿ ಸಿಕ್ಕ ಹಾಗೆ. ಭಾರ ಸ್ವಲ್ಪ ಬಿದ್ದು ವೇಗ ಪಡೆಯುತ್ತದೆ. ಆ ವೇಗವನ್ನು ಹಗ್ಗ ತಾನು ಹಿಗ್ಗುವಷ್ಟು ದೂರದಲ್ಲೇ ನಿಲ್ಲಿಸಬೇಕು. ಹಿಗ್ಗುವ ದೂರ ಕಡಿಮೆ ಇದ್ದಷ್ಟೂ ಬಲ ಜಾಸ್ತಿ. ಹಗ್ಗ ಸ್ಪ್ರಿಂಗಿನ ಹಾಗೆ ಹಿಗ್ಗುತ್ತದೆ ಎಂದು ಹಿಡಿದರೆ, ಗರಿಷ್ಠ ಬಿಗಿತ:

ಭಾರ × 2 × (ಬಿದ್ದ ದೂರ + ಹಿಗ್ಗಿದ ದೂರ) ÷ ಹಿಗ್ಗಿದ ದೂರ

1 ಮೀಟರ್ ಬಿದ್ದು ಹಗ್ಗ 25 ಸೆಂ.ಮೀ. ಹಿಗ್ಗಿತು ಎಂದರೆ 10 ಪಟ್ಟು. ಅದೇ 1 ಮೀಟರ್ ಬಿದ್ದು 5 ಸೆಂ.ಮೀ. ಮಾತ್ರ ಹಿಗ್ಗಿದರೆ 42 ಪಟ್ಟು. 15 ಕೆ.ಜಿ. ಚೀಲ ಆ ಕ್ಷಣದಲ್ಲಿ 630 ಕೆ.ಜಿ.ಯಂತೆ ಎಳೆಯುತ್ತದೆ. ಇನ್ನೊಂದು ಮಾತು ಇದೇ ಸೂತ್ರದಲ್ಲಿ ಅಡಗಿದೆ. ಬಿದ್ದ ದೂರ ಸೊನ್ನೆ ಎಂದು ಹಾಕಿ ನೋಡಿ. ಉತ್ತರ 2 ಪಟ್ಟು. ಅಂದರೆ ಹಗ್ಗಕ್ಕೆ ತಾಗಿಸಿ ಹಿಡಿದ ಭಾರವನ್ನು ಒಮ್ಮೆಲೇ ಕೈಬಿಟ್ಟರೂ ಸಾಕು, ಬಿಗಿತ ಎರಡರಷ್ಟಾಗುತ್ತದೆ. ಮೆಲ್ಲಗೆ ಬಿಡುವುದು ಎನ್ನುವುದು ಬರೀ ಹಿರಿಯರ ಎಚ್ಚರಿಕೆಯಲ್ಲ, ಅದರಲ್ಲಿ ಅರ್ಧದಷ್ಟು ಬಲ ಉಳಿಯುತ್ತದೆ.

ಬಂಡೆ ಹತ್ತುವವರು ಹಿಗ್ಗುವ ಹಗ್ಗವನ್ನೇ ಬಳಸುವುದು ಇದಕ್ಕೇ. ಯುರೋಪಿನ ಮಾನದಂಡದ ಪ್ರಕಾರ ಒಂಟಿಯಾಗಿ ಬಳಸುವ ಹಗ್ಗ, 80 ಕೆ.ಜಿ. ಭಾರದ ಮೊದಲ ಪರೀಕ್ಷಾ ಬೀಳುವಿಕೆಯಲ್ಲಿ 12 ಕಿಲೋನ್ಯೂಟನ್‌ಗಿಂತ ಜಾಸ್ತಿ ಬಿಗಿತ ಕೊಡಬಾರದು. ಅದು ಸುಮಾರು 1,200 ಕೆ.ಜಿ. ತೂಕದಷ್ಟು. ಹಿಗ್ಗುವ ಹಗ್ಗದಲ್ಲೇ ಭಾರದ 15 ಪಟ್ಟಿನವರೆಗೆ ಬಿಟ್ಟಿದ್ದಾರೆ ಎಂದರೆ ಹಿಗ್ಗದ ಹಗ್ಗದ ಗತಿ ಊಹಿಸಿ.

ಇಲ್ಲಿ ಬಹಳ ಜನ ಎಡವುವ ಒಂದು ಜಾಗ ಇದೆ. ಉದ್ದ ಹಗ್ಗ ಹೆಚ್ಚು ಅಪಾಯ ಎಂದುಕೊಳ್ಳುತ್ತಾರೆ. ಬೀಳುವ ದೂರ ಒಂದೇ ಆಗಿದ್ದರೆ ವಿಷಯ ತಿರುಗಾ ಮುರುಗಾ. 10 ಮೀಟರ್ ಹಗ್ಗ 2 ಮೀಟರ್ ಹಗ್ಗಕ್ಕಿಂತ ಐದು ಪಟ್ಟು ಸುಲಭವಾಗಿ ಹಿಗ್ಗುತ್ತದೆ, ಆದ್ದರಿಂದ ಎಳೆತ ಕಡಿಮೆ. ಕೆಟ್ಟು ನಿಂತ ಗಾಡಿಯನ್ನು ಗಿಡ್ಡ ಹಗ್ಗದಲ್ಲಿ ಜಗ್ಗಿ ಎಳೆದಾಗ ಅದು ಪಟ್ ಎಂದು ಹರಿಯುವುದು ಇದೇ ಕಾರಣಕ್ಕೆ. ಮೊದಲು ಸಡಿಲವನ್ನು ನಿಧಾನವಾಗಿ ತೆಗೆದು, ಹಗ್ಗ ಬಿಗಿಯಾದ ಮೇಲೆ ಎಳೆಯಬೇಕು.

ರಾಟೆಯ ಬಳಿ ತೊಂದರೆ

ರಾಟೆ ಹಾಕಿದ ಕಡೆ ಮೂರು ಬೇರೆ ಬೇರೆ ದೋಷಗಳು ಒಂದರಂತೆಯೇ ಕಾಣುತ್ತವೆ.

ಒಂದು, ತೊಲೆ ಬಾಗಿತು ಅಥವಾ ರಾಟೆಯ ಕೊಕ್ಕೆ ಬಿಚ್ಚಿಕೊಂಡಿತು. 60 ಕೆ.ಜಿ. ಪಂಪನ್ನು ಮೇಲೆ ಕಟ್ಟಿದ ರಾಟೆಯಿಂದ ಎತ್ತುತ್ತಿದ್ದೀರಿ, ನೆಲದ ಮೇಲೆ ನಿಂತು ಹಗ್ಗವನ್ನು ಕೆಳಕ್ಕೆ ಎಳೆಯುತ್ತಿದ್ದೀರಿ. ಹಗ್ಗದಲ್ಲಿ 60. ಆದರೆ ರಾಟೆಯನ್ನು ಕೆಳಕ್ಕೆ ಎಳೆಯುತ್ತಿರುವುದು ಹಗ್ಗದ ಎರಡೂ ಪಕ್ಕಗಳು. ಪಂಪಿನ ಕಡೆಯದು 60, ನಿಮ್ಮ ಕಡೆಯದು 60. ಕೊಕ್ಕೆಗೆ 120. ಪಂಪನ್ನು ನೇರವಾಗಿ ತೊಲೆಗೆ ಕಟ್ಟಿದ್ದರೆ 60 ಮಾತ್ರ ಇರುತ್ತಿತ್ತು. ಒಂಟಿ ರಾಟೆ ನಿಮ್ಮ ಶ್ರಮ ಕಡಿಮೆ ಮಾಡುವುದಿಲ್ಲ, ದಿಕ್ಕು ಬದಲಿಸುತ್ತದೆ. ಅದಕ್ಕೆ ತೊಲೆ ಬೆಲೆ ತೆರುತ್ತದೆ.

ಎರಡು, ರಾಟೆ ತಿರುಗುತ್ತಿಲ್ಲ. ಆಗ ಹಗ್ಗದ ಎರಡು ಪಕ್ಕಗಳ ಬಿಗಿತ ಸಮ ಇರುವುದಿಲ್ಲ. ಇದನ್ನು ಹಿಡಿಯಲು ಒಂದು ತೂಗುವ ಸ್ಪ್ರಿಂಗ್ ತಕ್ಕಡಿ ಸಾಕು. ಅದನ್ನು ನಿಮ್ಮ ಕೈಯ ಕಡೆಯ ಹಗ್ಗಕ್ಕೆ ಕಟ್ಟಿ. ಭಾರವನ್ನು ನಿಧಾನವಾಗಿ, ಒಂದೇ ವೇಗದಲ್ಲಿ ಎತ್ತುವಾಗ ಒಮ್ಮೆ ಓದಿ, ಇಳಿಸುವಾಗ ಒಮ್ಮೆ ಓದಿ. ಒಳ್ಳೆಯ ರಾಟೆಯಲ್ಲಿ ಎರಡೂ ಹತ್ತಿರ ಹತ್ತಿರ ಇರುತ್ತವೆ. 20 ಕೆ.ಜಿ. ಭಾರಕ್ಕೆ ಎತ್ತುವಾಗ 25, ಇಳಿಸುವಾಗ 16 ಬಂತು ಎಂದುಕೊಳ್ಳಿ. ರಾಟೆ ಹಿಡಿದುಕೊಳ್ಳುತ್ತಿದೆ. ಎರಡನ್ನೂ ಗುಣಿಸಿ ವರ್ಗಮೂಲ ತೆಗೆದರೆ 20 ಸಿಗುತ್ತದೆ. ಅಂದರೆ ಭಾರ ಸರಿಯಾಗೇ ಇದೆ, ತಪ್ಪು ಘರ್ಷಣೆಯದು. ಈ ಚಿಕ್ಕ ಪರೀಕ್ಷೆ ನನಗೆ ತುಂಬಾ ಇಷ್ಟ. ರಾಟೆಯನ್ನು ಬಿಚ್ಚದೆಯೇ ಅದರ ಒಳಗನ್ನು ನೋಡಿದ ಹಾಗೆ.

ರಾಟೆಯ ಬದಲು ಕಂಬಕ್ಕೋ ಕೊಂಬೆಗೋ ಹಗ್ಗ ಸುತ್ತಿದರೆ ಈ ವ್ಯತ್ಯಾಸ ಬೆರಗಾಗುವಷ್ಟು ಬೆಳೆಯುತ್ತದೆ. ಆಯ್ಲರ್ ಮತ್ತು ಐಟೆಲ್ವೈನ್ ಹೆಸರಿನ ಸೂತ್ರ ಇದನ್ನು ಹೇಳುತ್ತದೆ: ಪ್ರತಿ ಸುತ್ತಿಗೂ ಬಿಗಿತ ಅಷ್ಟಷ್ಟೇ ಕೂಡುವುದಿಲ್ಲ, ಗುಣಿಸಿಕೊಳ್ಳುತ್ತದೆ. ಘರ್ಷಣಾಂಕ, ಅಂದರೆ ಹಗ್ಗ ಕಂಬವನ್ನು ಎಷ್ಟು ಹಿಡಿದುಕೊಳ್ಳುತ್ತದೆ ಎನ್ನುವ ಅಂಕಿ, 0.3 ಇದ್ದರೆ ಅರ್ಧ ಸುತ್ತಿಗೆ ಸುಮಾರು 2.6 ಪಟ್ಟು, ಒಂದು ಸುತ್ತಿಗೆ 6.6 ಪಟ್ಟು, ಎರಡು ಸುತ್ತಿಗೆ 43 ಪಟ್ಟು, ಮೂರಕ್ಕೆ 280ಕ್ಕೂ ಜಾಸ್ತಿ. ಕಂಬ ದಪ್ಪವೋ ತೆಳ್ಳಗೋ ಎನ್ನುವುದು ಈ ಲೆಕ್ಕಕ್ಕೆ ಬರುವುದೇ ಇಲ್ಲ, ಎಷ್ಟು ಸುತ್ತು ಎನ್ನುವುದಷ್ಟೇ. ದೊಡ್ಡ ಹಡಗನ್ನು ದಡದ ಗೂಟಕ್ಕೆ ಸುತ್ತಿ ಒಬ್ಬರೇ ಹಿಡಿದು ನಿಲ್ಲುವುದು ಇದರಿಂದಲೇ. ಆದರೆ ಅದೇ ಘರ್ಷಣೆ ಕೊಂಬೆಯ ಮೇಲಿಂದ ಭಾರ ಎತ್ತುವವರಿಗೆ ಶತ್ರು. ಇಳಿಸಲು ಬಳಸಿ, ಎತ್ತಲು ಬಳಸಬೇಡಿ. ಅರ್ಧ ಸುತ್ತಿನ ಕೊಂಬೆಯ ಮೇಲೆ 20 ಕೆ.ಜಿ. ಎತ್ತಲು 50ಕ್ಕೂ ಹೆಚ್ಚು ಎಳೆಯಬೇಕಾಗುತ್ತದೆ. ಹಗ್ಗ ಹರಿದರೆ ಕೈಯ ಕಡೆಯೇ ಹರಿಯುತ್ತದೆ, ಭಾರದ ಕಡೆಯಲ್ಲ. ತುಂಡಾದ ಜಾಗ ಹೀಗೆ ಕೈಯ ಕಡೆ ಇದ್ದರೆ ಘರ್ಷಣೆಯನ್ನೇ ಮೊದಲು ಅನುಮಾನಿಸಿ.

ಮೂರು, ರಾಟೆ ತೀರಾ ಚಿಕ್ಕದು. ಹಗ್ಗ ಬಾಗಿದಾಗ ಹೊರಗಿನ ಎಳೆಗಳು ಜಾಸ್ತಿ ಹಿಗ್ಗುತ್ತವೆ, ಒಳಗಿನವು ಸುಮ್ನೆ ಕೂರುತ್ತವೆ. ಭಾರ ಹೊರಗಿನವುಗಳ ಮೇಲೆ ಬಿದ್ದು ಒಂದೊಂದಾಗಿ ಹರಿಯುತ್ತವೆ. ನಾರಿನ ಹಗ್ಗಕ್ಕೆ ರಾಟೆಯ ವ್ಯಾಸ ಹಗ್ಗದ ದಪ್ಪದ ಎಂಟು ಪಟ್ಟಾದರೂ ಇರಲಿ. ಉಕ್ಕಿನ ಹಗ್ಗಕ್ಕೆ ಇನ್ನೂ ದೊಡ್ಡದು ಬೇಕು.

ಗಂಟಿನ ಬುಡದಲ್ಲಿ ಹರಿದರೆ

ಇದಕ್ಕೆ ಹೆಚ್ಚು ಹುಡುಕಬೇಕಿಲ್ಲ. ಗಂಟು ಎಂದರೆ ತೀರಾ ಚಿಕ್ಕ ರಾಟೆ ಇದ್ದ ಹಾಗೆ, ಹಗ್ಗ ತನ್ನ ಸುತ್ತಲೇ ಕಡಿದಾಗಿ ಬಾಗುತ್ತದೆ. ಸಾಮಾನ್ಯ ಗಂಟುಗಳು ಹಗ್ಗದ ತಾಕತ್ತಿನ ಮೂರನೇ ಒಂದು ಭಾಗದಿಂದ ಅರ್ಧದವರೆಗೆ ತಿಂದುಬಿಡುತ್ತವೆ. ಹರಿಯುವುದು ಗಂಟಿನ ಒಳಗಲ್ಲ, ಭಾರ ಹೊತ್ತ ಹಗ್ಗ ಗಂಟಿನೊಳಕ್ಕೆ ನುಗ್ಗುವ ಬಾಯಿಯಲ್ಲಿ. 500 ಕೆ.ಜಿ.ಯ ಹಗ್ಗಕ್ಕೆ ಗಂಟು ಹಾಕಿದ ಮೇಲೆ ಅದು 250ರ ಹಗ್ಗ ಎಂದೇ ಲೆಕ್ಕ ಹಾಕಿ. ಪದೇ ಪದೇ ಅಲ್ಲೇ ಹರಿಯುತ್ತಿದ್ದರೆ ಗಂಟು ಬಿಟ್ಟು, ಹಗ್ಗದ ಎಳೆಗಳನ್ನು ಬಿಡಿಸಿ ಅದೇ ಹಗ್ಗದೊಳಗೆ ಹೆಣೆದು ಕುಣಿಕೆ ಮಾಡಿ. ಅದರಲ್ಲಿ ನಷ್ಟ ತುಂಬಾ ಕಡಿಮೆ.

ಬಿಸಿಲು, ನೀರು, ಚೀಟಿ

ಪಾಲಿಪ್ರೊಪಿಲೀನ್ ಹಗ್ಗ ಬಿಸಿಲಿಗೆ ಪುಡಿಯಾಗುತ್ತದೆ. ಉಗುರಿನಿಂದ ಕೆರೆದಾಗ ಪುಡಿ ಉದುರಿದರೆ ಅದನ್ನು ಭಾರಕ್ಕೆ ಬಳಸಬೇಡಿ. ನೈಲಾನ್ ನೀರು ಕುಡಿಯುತ್ತದೆ, ಒದ್ದೆಯಾದಾಗ ಶೇಕಡಾ 10ರಿಂದ 15ರಷ್ಟು ದುರ್ಬಲವಾಗುತ್ತದೆ. ಪಾಲಿಯೆಸ್ಟರ್‌ಗೆ ಈ ಕಾಯಿಲೆ ಇಲ್ಲವೆಂದೇ ಹೇಳಬಹುದು. ಹಗ್ಗದ ಜೊತೆ ಬಂದ ಚೀಟಿಯಲ್ಲಿ ಹರಿಯುವ ಭಾರ ಬರೆದಿದ್ದಾರೋ, ಬಳಸಬಹುದಾದ ಭಾರ ಬರೆದಿದ್ದಾರೋ ಎಂದು ನೋಡಿ. ಎರಡಕ್ಕೂ ಅಜಗಜಾಂತರ. ಸರಕು ಎತ್ತುವ ಕೆಲಸಕ್ಕೆ ಹರಿಯುವ ಭಾರದ ಐದನೇ ಒಂದು ಭಾಗವನ್ನು ಮಾತ್ರ ಬಳಸುವುದು ರೂಢಿ. ಮನುಷ್ಯರು ನೇತಾಡುವ ಕಡೆ ಅದಕ್ಕಿಂತಲೂ ಕಡಿಮೆ.

ಹಗ್ಗ ಸರಿ, ಲೆಕ್ಕ ತಪ್ಪು

ಕೆಲವೊಮ್ಮೆ ದೋಷ ಇರುವುದು ಕಾಗದದ ಮೇಲೆ. ವಿದ್ಯಾರ್ಥಿಗಳಷ್ಟೇ ಅಲ್ಲ, ಅನುಭವಸ್ಥರೂ ಇಲ್ಲಿ ಜಾರುತ್ತಾರೆ.

ಇಬ್ಬರು ಎರಡು ಕಡೆಯಿಂದ ತಲಾ 100 ನ್ಯೂಟನ್ ಎಳೆದರೆ ಹಗ್ಗದ ಬಿಗಿತ ಎಷ್ಟು? 200 ಎನ್ನುವವರೇ ಜಾಸ್ತಿ. ಉತ್ತರ 100. ನಂಬಿಕೆ ಬರದಿದ್ದರೆ ಒಬ್ಬರನ್ನು ತೆಗೆದು ಆ ತುದಿಯನ್ನು ಗೋಡೆಗೆ ಕಟ್ಟಿ. ಉಳಿದವರು 100 ಎಳೆದರೆ ಗೋಡೆಯೂ 100 ಎಳೆಯುತ್ತದೆ. ಹಗ್ಗಕ್ಕೆ ಏನೂ ವ್ಯತ್ಯಾಸ ಗೊತ್ತಾಗುವುದಿಲ್ಲ. 1650ರ ದಶಕದಲ್ಲಿ ಜರ್ಮನಿಯ ಮ್ಯಾಗ್ಡೆಬರ್ಗ್‌ನ ಒಟ್ಟೋ ಫಾನ್ ಗೆರಿಕೆ ಗಾಳಿ ತೆಗೆದ ಎರಡು ಅರ್ಧಗೋಳಗಳನ್ನು ಬೇರೆ ಮಾಡಲು ಎರಡೂ ಕಡೆ ಎಂಟೆಂಟು ಕುದುರೆ ಕಟ್ಟಿಸಿದ. ನೋಡಲು ಭವ್ಯ. ಆದರೆ ಒಂದು ಕಡೆ ಗಟ್ಟಿ ಗೋಡೆ ಇದ್ದಿದ್ದರೆ ಎಂಟೇ ಕುದುರೆ ಅಷ್ಟೇ ಬಲ ಕೊಡುತ್ತಿದ್ದವು, ಅಲ್ವಾ?

ಇನ್ನೊಂದು ತಪ್ಪು: ರಾಟೆಯ ಎರಡು ಕಡೆ 3 ಕೆ.ಜಿ. ಮತ್ತು 2 ಕೆ.ಜಿ. ನೇತಾಡುತ್ತಿವೆ, ಕೈಬಿಟ್ಟರೆ ಬಿಗಿತ ಎಷ್ಟು? ಕೆಲವರು 3ರ ತೂಕ 29.4 ನ್ಯೂಟನ್ ಬರೆಯುತ್ತಾರೆ, ಕೆಲವರು 2ರ ತೂಕ 19.6. ಎರಡೂ ಅಲ್ಲ. 3 ಕೆ.ಜಿ. ಕೆಳಕ್ಕೆ ವೇಗ ಪಡೆಯಬೇಕಾದರೆ ಹಗ್ಗ ಅದರ ತೂಕಕ್ಕಿಂತ ಕಡಿಮೆ ಎಳೆಯಬೇಕು. 2 ಕೆ.ಜಿ. ಮೇಲಕ್ಕೆ ವೇಗ ಪಡೆಯಬೇಕಾದರೆ ಅದರ ತೂಕಕ್ಕಿಂತ ಜಾಸ್ತಿ ಎಳೆಯಬೇಕು. ಉತ್ತರ ನಡುವೆ ಬರಲೇಬೇಕು: 23.5 ನ್ಯೂಟನ್. ನಿಮ್ಮ ಉತ್ತರ ಎರಡರ ನಡುವೆ ಇಲ್ಲದಿದ್ದರೆ ಎಲ್ಲೋ ಚಿಹ್ನೆ ತಪ್ಪಿದೆ, ಮುಂದೆ ಹೋಗಬೇಡಿ. ಜಾರ್ಜ್ ಆಟ್‌ವುಡ್ 1784ರಲ್ಲಿ ವಿವರಿಸಿದ ಯಂತ್ರ ಇದೇ.

"ಹಗ್ಗದ ಉದ್ದಕ್ಕೂ ಬಿಗಿತ ಒಂದೇ" ಎನ್ನುವ ಮಾತೂ ಹಗುರ ಹಗ್ಗಕ್ಕೆ ಮಾತ್ರ ಸರಿ. 8 ಕೆ.ಜಿ. ಪೆಟ್ಟಿಗೆಯನ್ನು 2 ಕೆ.ಜಿ. ಹಗ್ಗದಿಂದ ನುಣುಪು ನೆಲದ ಮೇಲೆ 100 ನ್ಯೂಟನ್ ಬಲದಲ್ಲಿ ಎಳೆದರೆ ಕೈಯ ತುದಿಯಲ್ಲಿ 100, ಹಗ್ಗದ ನಡುವೆ 90, ಪೆಟ್ಟಿಗೆಯ ತುದಿಯಲ್ಲಿ 80. ಹಗ್ಗ ತನ್ನನ್ನೂ ಎಳೆದುಕೊಳ್ಳಬೇಕಲ್ಲ. ಆಳಕ್ಕೆ ಇಳಿಬಿಟ್ಟ ಭಾರದ ಹಗ್ಗ ಯಾವಾಗಲೂ ಮೇಲಿನ ತುದಿಯಲ್ಲಿ ಹರಿಯಲು ನೋಡುವುದೂ ಇದರಿಂದಲೇ.

ಮತ್ತೆ ಕಟ್ಟಿ ನೋಡುವಾಗ

ಕಾರಣ ಸಿಕ್ಕಿತು, ಸರಿಪಡಿಸಿದಿರಿ. ಈಗ ಪರೀಕ್ಷೆ. ಇಲ್ಲಿ ದಯವಿಟ್ಟು ಆತುರ ಬೇಡ.

ಬಿಗಿಯಾದ ಹಗ್ಗದಲ್ಲಿ ಶಕ್ತಿ ತುಂಬಿರುತ್ತದೆ. 5,000 ನ್ಯೂಟನ್ ಬಿಗಿತದಲ್ಲಿ 1 ಮೀಟರ್ ಹಿಗ್ಗಿದ ಹಗ್ಗದಲ್ಲಿ ಸುಮಾರು 2,500 ಜೂಲ್. 50 ಕೆ.ಜಿ. ಮೂಟೆ 5 ಮೀಟರ್ ಎತ್ತರದಿಂದ ಬಿದ್ದಷ್ಟು. ಹರಿದ ಕ್ಷಣ ಅದೆಲ್ಲ ಹಾರುವ ತುದಿಗೆ ಹೋಗುತ್ತದೆ. 1997ರ ಅಕ್ಟೋಬರ್ 25ರಂದು ತೈಪೆಯಲ್ಲಿ 1,600ಕ್ಕೂ ಹೆಚ್ಚು ಜನ ಸೇರಿ ನಡೆದ ಹಗ್ಗ ಜಗ್ಗಾಟದಲ್ಲಿ ಹಗ್ಗ ತುಂಡಾಗಿ ಇಬ್ಬರ ತೋಳುಗಳೇ ಕತ್ತರಿಸಿಹೋದವು. ಒಂದು ಕಡೆ 800 ಜನ, ಒಬ್ಬೊಬ್ಬರು ಸರಾಸರಿ 300 ನ್ಯೂಟನ್ ಎಂದು ಹಿಡಿದರೂ ಹಗ್ಗದ ನಡುವೆ 2,40,000 ನ್ಯೂಟನ್. ಅದು 24 ಟನ್ ತೂಕಕ್ಕೂ ಮಿಗಿಲು. ಒಬ್ಬೊಬ್ಬರ ಕೈಗೂ ಅನಿಸುವುದು ತನ್ನ 300 ಮಾತ್ರ. ನಡುವಿನ ಬಿಗಿತ ಯಾರ ಕೈಗೂ ತಿಳಿಯುವುದಿಲ್ಲ. ಇದನ್ನು ಓದಿದ ಮೇಲೆ ಹಗ್ಗವನ್ನು ಕೈಗೆ ಸುತ್ತಿಕೊಂಡು ಎಳೆಯುವವರನ್ನು ಕಂಡರೆ ನಾನು ನಿಲ್ಲಿಸಿಯೇ ಮುಂದೆ ಹೋಗುತ್ತೇನೆ.

ಆದ್ದರಿಂದ ಹಗ್ಗದ ನೇರಕ್ಕೆ ಯಾರೂ ನಿಲ್ಲಬಾರದು, ಹಿಂದೆಯೂ ಮುಂದೆಯೂ. ಪಕ್ಕಕ್ಕೆ ದೂರ ನಿಲ್ಲಿ. ಕೈಗೆ ಸುತ್ತಿಕೊಳ್ಳಬೇಡಿ. ಮೊದಲು ಕಾಲು ಭಾಗ ಭಾರ ಹಾಕಿ, ಒಂದು ಐದು ನಿಮಿಷ ಬಿಟ್ಟು ಗಂಟು, ರಾಟೆ, ಕೊಕ್ಕೆ ಮೂರನ್ನೂ ನೋಡಿ. ಆಮೇಲೆ ಅರ್ಧ, ಆಮೇಲೆ ಪೂರ್ತಿ. ಅಡ್ಡ ಹಗ್ಗವಾದರೆ ಪ್ರತಿ ಸಲವೂ ಜೋಲು ಅಳೆದು ಬರೆದಿಡಿ. ಭಾರ ಅಷ್ಟೇ ಇದ್ದು ಜೋಲು ದಿನದಿನಕ್ಕೆ ಬೆಳೆಯುತ್ತಿದ್ದರೆ ಗಂಟು ಜಾರುತ್ತಿದೆ ಅಥವಾ ಒಳಗಿನ ಎಳೆಗಳು ಹರಿಯುತ್ತಿವೆ. ಭಾರ ಇಳಿಸಿ, ಹಗ್ಗವನ್ನು ಕೈಯಲ್ಲಿ ಸವರುತ್ತಾ ಉದ್ದಕ್ಕೂ ಹೋಗಿ. ಎಲ್ಲಿ ತೆಳ್ಳಗೆ ಅನಿಸುತ್ತದೋ ಅಲ್ಲಿ ಗುರುತು ಹಾಕಿ ಕತ್ತರಿಸಿ.